ಒಂದೇ ಗೋಡೆಯ ಆಚೆ ಈಚೆ ಎರಡು ಹೀಟ್ ಪಂಪ್

ಪುಣೆಯ ಪಾಷಾಣದಲ್ಲಿ ನಮ್ಮ ಮನೆ, ಅಕ್ಕನ ಮನೆ ಅಂಟಿಕೊಂಡೇ ಇವೆ. ಎರಡೂ ರೋ ಹೌಸ್, ನಡುವೆ ಒಂದೇ ಗೋಡೆ. 2011ರಲ್ಲಿ ಎರಡೂ ಟೆರೇಸಿನ ಮೇಲೆ ಒಂದೇ ಕಂಪನಿಯ, ಸ್ನಾನದ ನೀರು ಕಾಯಿಸುವ 200 ಲೀಟರಿನ ಹೀಟ್ ಪಂಪ್ ಕೂತಿತ್ತು. ಹೋದ ನವೆಂಬರಿನಲ್ಲಿ, ಸರಿಯಾಗಿ ಚಳಿ ಶುರುವಾಗುವ ಹೊತ್ತಿಗೆ, ಎರಡೂ ಹದಿನೈದು ದಿನದೊಳಗೆ ಕೈಕೊಟ್ಟವು.

ಹೊಸದು ಕೊಳ್ಳುವಾಗ ಅಕ್ಕ ಒಂದು ಬಗೆ ಆರಿಸಿದಳು, ನಾನು ಇನ್ನೊಂದು. ಎರಡೂ ಮನೆಯಲ್ಲಿ ಐದೈದು ಜನ. ನೀರು ಒಂದೇ ಲೈನಿನದು. ಎರಡನ್ನೂ ಹೋಲಿಸಿ ನೋಡಲು ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಅನ್ನಿಸಿತು. ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಹತ್ತಿರದ ಅಂಗಡಿಯಿಂದ ಮಷಿನ್ ತಿನ್ನುವ ಕರೆಂಟ್ ಅಳೆಯಲು ಎರಡು ಸಬ್ ಮೀಟರ್ ತಂದೆ. ಎರಡೂ ಟ್ಯಾಂಕಿನ ತಣ್ಣೀರಿನ ಪೈಪಿಗೆ ಒಂದೊಂದು ನೀರಿನ ಮೀಟರನ್ನೂ ಹಾಕಿಸಿದೆ. ದಿನಾ ರಾತ್ರಿ ಒಂಬತ್ತಕ್ಕೆ ಓದಿ, ಹಳೇ ಡೈರಿಯಲ್ಲಿ ಬರೆದಿಡುತ್ತಾ ಬಂದೆ.

ಹೀಟ್ ಪಂಪ್ ಗೊತ್ತಿಲ್ಲದವರಿಗೆ ಒಂದು ಮಾತು. ಫ್ರಿಜ್ ತನ್ನ ಹೊಟ್ಟೆಯೊಳಗಿನ ಬಿಸಿಯನ್ನು ಎಳೆದು ಹಿಂದುಗಡೆ ಬಿಡುತ್ತದೆ ಅಲ್ವಾ? ಇದೂ ಅದೇ ಕೆಲಸ ಮಾಡುತ್ತದೆ, ಆದರೆ ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ. ಗೀಜರ್ ಒಂದು ಯುನಿಟ್ ಕರೆಂಟ್ ತಿಂದರೆ ಒಂದೇ ಯುನಿಟ್‌ನಷ್ಟು ಬಿಸಿ ಕೊಡುತ್ತದೆ. ಒಳ್ಳೆ ಹೀಟ್ ಪಂಪ್ ಅಷ್ಟೇ ಕರೆಂಟಿನಲ್ಲಿ ಮೂರು ಯುನಿಟ್‌ನಷ್ಟು, ಬೆಚ್ಚಗಿನ ದಿನಗಳಲ್ಲಿ ಇನ್ನೂ ಜಾಸ್ತಿ ಬಿಸಿ ಕೊಡುತ್ತದೆ.

ಮೊದಲು ಹಳೆಯದರ ಕಥೆ. ರಿಪೇರಿಗೆ ಬಂದ ಹುಡುಗ ಹತ್ತೇ ನಿಮಿಷ ನೋಡಿ, "ಕಾಕಾ, ಗ್ಯಾಸ್ ಭರೂನ್ ದೇತೋ, ದೋನ್ ವರ್ಷಂ ಚಾಲೇಲ್" ಅಂದ. ಗ್ಯಾಸ್ ತುಂಬಿಕೊಡುತ್ತೇನೆ, ಎರಡು ವರ್ಷ ಓಡುತ್ತದೆ ಅಂತ. ಸೋರುವ ಜಾಗ ಯಾವುದು ಅಂತ ಅವನು ಹುಡುಕಲೇ ಇಲ್ಲ. ಬಿಸಿ ಹೊತ್ತೊಯ್ಯಲು ಅದರೊಳಗೆ ಇದ್ದದ್ದು ಆರ್22. ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್ ಅದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಇಂಥ ಗ್ಯಾಸುಗಳ ಬಳಕೆ ನಿಲ್ಲುತ್ತಾ ಬಂದಿದೆ, ನಮ್ಮ ದೇಶಕ್ಕೆ 2030ರ ಗಡುವು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಜೋರು. ಸೋರುವ ಮಷಿನಿಗೆ ಅದನ್ನೇ ಮತ್ತೆ ತುಂಬುವುದೆಂದರೆ ದುಡ್ಡು ಕೊಟ್ಟು ಆಕಾಶಕ್ಕೆ ಬಿಡುವುದು. ನನಗೆ ಮನಸ್ಸು ಒಪ್ಪಲಿಲ್ಲ.

ಮಷಿನ್ ಬಿಚ್ಚಿಸಿ ನೋಡಿದೆ. ಗಾಳಿಯ ಬಿಸಿ ಎಳೆಯುವ ಕಾಯಿಲ್‌ನ ಅಲ್ಯುಮಿನಿಯಂ ಹಾಳೆಗಳು ಬೆರಳು ತಾಗಿದರೆ ಬಿಳಿ ಪುಡಿಯಾಗಿ ಉದುರುತ್ತಿದ್ದವು. ಟ್ಯಾಂಕಿನ ಆನೋಡ್ ಸರಳು ಹೊರಗೆ ಎಳೆದರೆ ಹೆಬ್ಬೆರಳಿನಷ್ಟು ದಪ್ಪ ಇರಬೇಕಾದದ್ದು ಹಿಡಿಕಡ್ಡಿಯಷ್ಟು ಉಳಿದಿತ್ತು. ಮೆಗ್ನೀಸಿಯಂನ ಆ ಸರಳು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಅದು ಮುಗಿದ ಮೇಲೆ ಟ್ಯಾಂಕಿನ ಸರದಿ. ಹದಿನಾಲ್ಕು ವರ್ಷದಲ್ಲಿ ಸರ್ವಿಸಿಗೆ ಬಂದ ಒಬ್ಬರೂ ಅದನ್ನು ಬಿಚ್ಚಿ ತೋರಿಸಿರಲಿಲ್ಲ. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಬೇಸರ ಇದೆ.

ಹೊಸದು ಬರುವವರೆಗೆ ಮೂರು ವಾರ ಬಚ್ಚಲಿನ ಹಳೇ ಗೀಜರುಗಳೇ ಗತಿ. ಇಪ್ಪತ್ತೈದು ಲೀಟರಿನವು ಎರಡು. ಬೆಳಿಗ್ಗೆ ಒಬ್ಬರು ಸ್ನಾನ ಮಾಡಿ ಬಂದರೆ ಇನ್ನೊಬ್ಬರು ಕಾಯಬೇಕು. "ನೀರು ಕಾದಾವೇನಪಾ?" ಅಂತ ಅವ್ವ ದಿನಾ ಮೂರು ಸಲ ಕೇಳುತ್ತಿದ್ದಳು. ಧಾರವಾಡದಲ್ಲಿ ಹಂಡೆಯ ಒಲೆಗೆ ಬೆಳಗಿನ ಜಾವ ಉರಿ ಹಾಕಿ ಇಡೀ ಮನೆಗೆ ನೀರು ಕಾಯಿಸುತ್ತಿದ್ದವಳಿಗೆ ಈ ಕಾಯುವಿಕೆ ಬಹಳ ತ್ರಾಸಾಯಿತು. ಮೀಟರ್ ದಿನಕ್ಕೆ ಸರಾಸರಿ 7.1 ಯುನಿಟ್ ತೋರಿಸಿತು. ತಿಂಗಳಿಗೆ 210ರ ಮೇಲೆ, ಬರೀ ಬಿಸಿನೀರಿಗೆ. ಇಲ್ಲಿ ಕರೆಂಟ್ ಕೊಡುವ ಮಹಾವಿತರಣದ ಬಿಲ್ಲಿನಲ್ಲಿ 300 ಯುನಿಟ್ ದಾಟಿದರೆ ಮೇಲಿನ ಯುನಿಟ್ಟುಗಳಿಗೆ ದರ ಏರುತ್ತದೆ. ಹಾಗಾಗಿ ಪೆಟ್ಟು ಇನ್ನೂ ಜೋರು.

ಸೋಲಾರ್ ಯಾಕೆ ಬೇಡ ಅಂತ ಕೇಳುತ್ತೀರಿ. ಬಿಸಿಲಿದ್ದರೆ ಅದಕ್ಕಿಂತ ಅಗ್ಗ ಇನ್ನೊಂದಿಲ್ಲ. ಆದರೆ ಪಕ್ಕದಲ್ಲಿ ಎದ್ದ ಟವರಿನ ನೆರಳು ಮಧ್ಯಾಹ್ನ ಎರಡಕ್ಕೇ ನಮ್ಮ ಟೆರೇಸ್ ಮೇಲೆ ಬೀಳುತ್ತದೆ. ಪುಣೆಯ ಜುಲೈ, ಆಗಸ್ಟ್ ಹೇಗಿರುತ್ತವೆ ಅಂತ ಇಲ್ಲಿರುವವರಿಗೆ ಗೊತ್ತು. ಇನ್ನು ಗ್ಯಾಸ್ ಗೀಜರನ್ನು ಗಾಳಿ ಆಡದ ಬಚ್ಚಲಿನಲ್ಲಿ ದಯವಿಟ್ಟು ಯಾರೂ ಹಾಕಿಸಬೇಡಿ. ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವಕ್ಕೇ ಅಪಾಯ.

ಈಗ ಹೊಸ ಎರಡು. ಅಕ್ಕ ತೆಗೆದುಕೊಂಡದ್ದು ಎಲ್ಲ ಒಂದರಲ್ಲೇ ಇರುವ ಮಷಿನ್. ಕೆಳಗೆ 200 ಲೀಟರ್ ಟ್ಯಾಂಕ್, ಅದರ ತಲೆಯ ಮೇಲೇ ಕಂಪ್ರೆಸರ್. ಒಂದೇ ವೇಗದಲ್ಲಿ ಓಡುತ್ತದೆ. ಒಳಗಿನ ಗ್ಯಾಸ್ ಆರ್290, ಅಂದರೆ ಪ್ರೊಪೇನ್. ನಾನು ತೆಗೆದುಕೊಂಡದ್ದು ಸ್ಪ್ಲಿಟ್. ಟ್ಯಾಂಕ್ ಮೆಟ್ಟಿಲಿನ ಪಕ್ಕದ ಸಂದಿಯಲ್ಲಿ, ಏಸಿಯ ಹೊರ ಪೆಟ್ಟಿಗೆಯಂಥದ್ದು ಟೆರೇಸಿನಲ್ಲಿ, ನಡುವೆ ತಾಮ್ರದ ಪೈಪು. ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡುವಂಥದ್ದು. ಗ್ಯಾಸ್ ಆರ್32. ನನ್ನದಕ್ಕೆ ₹46,000 ಜಾಸ್ತಿ ಬಿತ್ತು.

ಕೂರಿಸುವುದರಲ್ಲಿ ಅಕ್ಕನದು ಗೆದ್ದಿತು, ಅದರಲ್ಲಿ ಅನುಮಾನವೇ ಇಲ್ಲ. ನಾಲ್ಕು ಜನ ನೆಟ್ಟಗೆ ಎತ್ತಿ ತಂದು ಅಡುಗೆಮನೆ ಹಿಂದಿನ ಯುಟಿಲಿಟಿ ಬಾಲ್ಕನಿಯಲ್ಲಿ ಇಟ್ಟರು. ಅಡ್ಡ ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಇಳಿಯುತ್ತದೆ, ಅದಕ್ಕೇ ನೆಟ್ಟಗೆ. ಪ್ಲಂಬರ್ ಎರಡು ಪೈಪ್ ಜೋಡಿಸಿದ, ಗಾಳಿಯ ತೇವ ನೀರಾಗಿ ಇಳಿಯಲು ಒಂದು ಸಣ್ಣ ಡ್ರೇನ್ ಕೊಟ್ಟ, ಕೆಲಸ ಮುಗಿಯಿತು. ಗ್ಯಾಸ್ ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬಂದದ್ದು, ಯಾರೂ ಮುಟ್ಟಲಿಲ್ಲ. ಪ್ರೊಪೇನ್ ಬೆಂಕಿ ಹಿಡಿಯುವ ಗ್ಯಾಸ್ ಅಂತ ಭಾವನಿಗೆ ಅಳುಕಿತ್ತು. ಅಡುಗೆ ಸಿಲಿಂಡರಿನಲ್ಲಿ ಇರುವುದೂ ಪ್ರೊಪೇನ್, ಬ್ಯುಟೇನ್‌ಗಳೇ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲೂ ಅದೇ ಕುಲದ ಗ್ಯಾಸ್ ಇದೆ. ಗಾಳಿ ಆಡುವ ಜಾಗ ಬೇಕು, ಅಷ್ಟೇ. ಬಾಲ್ಕನಿಗೆ ಬರೀ ಜಾಲರಿ, ಹಾಗಾಗಿ ಒಪ್ಪಿದರು. ಭೂಮಿ ಬಿಸಿ ಮಾಡುವ ಲೆಕ್ಕದಲ್ಲಂತೂ ಇದಕ್ಕೆ ಸಾಟಿ ಇಲ್ಲ. ಆರ್32 ಇಂಗಾಲದ ಡೈಆಕ್ಸೈಡಿನ 675 ಪಟ್ಟು, ಇದು ಬರೀ ಮೂರು ಪಟ್ಟು.

ನನ್ನದರಲ್ಲಿ ಪೈಪಿನ ಕೆಲಸ ಮನೆಯಲ್ಲೇ ಆಗಬೇಕಿತ್ತು. ಬಂದವರಿಗೆ ಅವಸರ. ಪೈಪ್ ಜೋಡಿಸಿದ ಮೇಲೆ ಒಳಗಿನ ಗಾಳಿ, ತೇವ ಎಲ್ಲ ವ್ಯಾಕ್ಯೂಮ್ ಪಂಪಿನಿಂದ ಎಳೆಯಬೇಕು, ಆಮೇಲೆ ಗ್ಯಾಸ್ ಬಿಡಬೇಕು. ಅವರು ಐದು ನಿಮಿಷಕ್ಕೇ ಎದ್ದರು. ನಾನು ಪಟ್ಟು ಹಿಡಿದು ಅರ್ಧ ಗಂಟೆ ಓಡಿಸಿದೆ. ಆದರೂ ಮೂರನೇ ವಾರ ನೀರು ಕಾಯುವುದು ನಿಧಾನವಾಯಿತು. ಟೆರೇಸಿಗೆ ಹೋಗಿ ನೋಡಿದರೆ ಒಂದು ನಟ್ಟಿನ ಕೆಳಗೆ ಎಣ್ಣೆಯ ಜಿಡ್ಡು, ಅದರ ಮೇಲೆ ಧೂಳು ಅಂಟಿ ಕಪ್ಪಾಗಿತ್ತು. ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿದೆ. ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಪೈಪಿನ ಬಾಯಿ ಅಗಲಿಸಿದ್ದು ಸೊಟ್ಟಗಿತ್ತು. ಅದನ್ನು ಕತ್ತರಿಸಿ, ಹೊಸದಾಗಿ ಮಾಡಿ, ಗ್ಯಾಸನ್ನು ತೂಕ ಹಾಕಿ ತುಂಬಿದ ಮೇಲೆ ಸರಿಹೋಯಿತು. ಸ್ಪ್ಲಿಟ್ ತೆಗೆದುಕೊಳ್ಳುವವರು ಮಷಿನಿಗಿಂತ ಕೂರಿಸುವವನನ್ನು ಮೊದಲು ನೋಡಿಕೊಳ್ಳಿ. ಅವನು ಹೊರಡುವ ಮೊದಲು ಎಲ್ಲ ಜೋಡಣೆಗೂ ನೊರೆ ಹಚ್ಚಿಸಿ ನೋಡಿ.

ಇನ್ನು ಕರೆಂಟಿನ ಲೆಕ್ಕ. ಜನವರಿಯಲ್ಲಿ ಎರಡೂ ಮನೆಯಲ್ಲಿ ದಿನಕ್ಕೆ 160ರಿಂದ 170 ಲೀಟರ್ ಬಿಸಿನೀರು ಖರ್ಚಾಗುತ್ತಿತ್ತು. ಮೊದಲ ಎರಡು ವಾರ ಎರಡನ್ನೂ ಕಂಪನಿಯವರು ಇಟ್ಟುಹೋದ ಹಾಗೆ ಬಿಟ್ಟೆವು. 55 ಡಿಗ್ರಿ, ಬೆಳಿಗ್ಗೆ ಐದಕ್ಕೆ ಶುರು. ಅಕ್ಕನದು ದಿನಕ್ಕೆ 3.1 ಯುನಿಟ್, ನನ್ನದು 2.6. ಸ್ವಲ್ಪ ಖುಷಿಯಾಯಿತು, ಕೊಟ್ಟ ದುಡ್ಡಿಗೆ ಬೆಲೆ ಇದೆ ಅಂತ.

ಆಮೇಲೆ ಒಂದು ದಿನ ಬೆಳಿಗ್ಗೆ ಟೆರೇಸಿನಲ್ಲಿ ನಿಂತಿದ್ದೆ. ಥರ್ಮಾಮೀಟರ್ ಹನ್ನೊಂದು ಡಿಗ್ರಿ ತೋರಿಸುತ್ತಿತ್ತು. ಈ ಮಷಿನ್ ಬಿಸಿ ಎಳೆಯುವುದು ಗಾಳಿಯಿಂದ. ದಿನದ ಅತಿ ತಣ್ಣನೆ ಹೊತ್ತಿನಲ್ಲಿ ನಾವು ಅದನ್ನು ಓಡಿಸುತ್ತಿದ್ದೇವೆ! ಪುಣೆಯ ಚಳಿಗಾಲದಲ್ಲಿ ಅದೇ ಗಾಳಿ ಮಧ್ಯಾಹ್ನಕ್ಕೆ ಇಪ್ಪತ್ತೆಂಟು, ಮೂವತ್ತು ಡಿಗ್ರಿ ಆಗುತ್ತದೆ. ಎರಡೂ ಟೈಮರನ್ನು ಮಧ್ಯಾಹ್ನ ಒಂದಕ್ಕೆ ತಿರುಗಿಸಿ, 55ನ್ನು 50ಕ್ಕೆ ಇಳಿಸಿದೆ. ಅಕ್ಕನದು 2.4ಕ್ಕೆ ಇಳಿಯಿತು. ನನ್ನದು 2.1. ಮಧ್ಯಾಹ್ನ ಕಾದ ನೀರು ಮರುದಿನ ಬೆಳಿಗ್ಗೆ ಆರಕ್ಕೆ ಎರಡು ಮೂರು ಡಿಗ್ರಿ ಇಳಿದಿರುತ್ತಿತ್ತು, ಅಷ್ಟೇ.

ಆ ಅಂಕಿಗಳನ್ನು ಡೈರಿಯಲ್ಲಿ ನೋಡುತ್ತಾ ಕೂತೆ. ಅಕ್ಕನ ಸಾದಾ ಮಷಿನ್ ಮಧ್ಯಾಹ್ನ ಓಡಿದರೆ, ಬೆಳಗಿನ ಜಾವ ಓಡುವ ನನ್ನ ಇನ್ವರ್ಟರಿಗಿಂತ ಕಡಿಮೆ ತಿನ್ನುತ್ತದೆ. ಟೈಮರ್ ತಿರುಗಿಸಲು ಒಂದು ಪೈಸೆ ಖರ್ಚಿಲ್ಲ. ಎರಡನ್ನೂ ಸರಿಯಾದ ಹೊತ್ತಿಗೆ ಓಡಿಸಿದರೆ ಇನ್ವರ್ಟರಿನಿಂದ ಉಳಿಯುವುದು ದಿನಕ್ಕೆ 0.3 ಯುನಿಟ್, ತಿಂಗಳಿಗೆ ಒಂಬತ್ತು. ಏಪ್ರಿಲ್‌ನಲ್ಲಿ ಅಕ್ಕನದು 1.4, ನನ್ನದು 1.3, ಅಂದರೆ ಹೆಚ್ಚುಕಡಿಮೆ ಒಂದೇ. ಯುನಿಟ್ಟಿಗೆ ₹12 ಹಿಡಿದು, ಚಳಿಗಾಲದ ಉಳಿತಾಯವನ್ನೇ ವರ್ಷ ಪೂರ್ತಿ ಲೆಕ್ಕ ಹಾಕಿದರೂ ₹1,300 ದಾಟುವುದಿಲ್ಲ. ಮೇಲೆ ಕೊಟ್ಟ ₹46,000 ಅದರಲ್ಲಿ ಹುಟ್ಟುವ ಮಾತೇ ಇಲ್ಲ.

ಮಧ್ಯಾಹ್ನದ ಟೈಮರಿನಿಂದ ಒಂದು ತೊಂದರೆಯೂ ಆಯಿತು. ತಣ್ಣೀರು ಟ್ಯಾಂಕಿನ ಬುಡಕ್ಕೆ ಬರುತ್ತದೆ, ಬಿಸಿನೀರು ಮೇಲೆ ನಿಂತಿರುತ್ತದೆ, ಮೇಲಿನಿಂದಲೇ ಹೊರಗೆ ಹೋಗುತ್ತದೆ. ಐದು ಜನಕ್ಕೆ 200 ಲೀಟರ್ ಹಾಗೇ ಸಾಕಾಗುತ್ತದೆ. ಆದರೆ ಭಾನುವಾರ ಎಲ್ಲರೂ ತಲೆಗೆ ಎರೆದುಕೊಂಡರೆ ಕೊನೆಯವರಿಗೆ ಉಗುರುಬೆಚ್ಚಗಿನ ನೀರು. ಅಕ್ಕ ಗೋಡೆ ಆಚೆಯಿಂದಲೇ ಕೂಗಿದಳು: "ಏ ತಮ್ಮಾ, ಅತ್ತಿಯವರಿಗೆ ತಣ್ಣೀರು ಬಂದಾವ ನೋಡು!" ಅವತ್ತೇ ಟೈಮರಿನಲ್ಲಿ ಪ್ರತಿ ಶನಿವಾರ ಸಂಜೆ ಆರಕ್ಕೆ ಇನ್ನೊಂದು ಗಂಟೆ ಸೇರಿಸಿದೆ. ಜೊತೆಗೆ ವಾರಕ್ಕೊಮ್ಮೆ ನೀರು 60 ಡಿಗ್ರಿ ದಾಟುವಂತೆ ಇಟ್ಟಿದ್ದೇವೆ. ನಿಂತ ನೀರು ಬರೀ ಬೆಚ್ಚಗೆ ಇದ್ದರೆ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಬಿಡಬೇಡಿ. ಎರಡೂ ಮಷಿನಿನಲ್ಲಿ ಇದಕ್ಕೆ ಬೇರೆಯೇ ಸೆಟ್ಟಿಂಗ್ ಇದೆ.

ಸದ್ದಿನ ವಿಷಯದಲ್ಲಿ ನನ್ನದು ಮುಂದೆ. ಅಕ್ಕನದು ಓಡುವಾಗ ಹಳೇ ಫ್ರಿಜ್ಜಿನ ಎರಡರಷ್ಟು ಗುಂಯ್ ಅನ್ನುತ್ತದೆ. ಮೊದಲ ವಾರ ಆ ನಡುಕ ಸ್ಲ್ಯಾಬ್ ಹತ್ತಿ ಮೇಲಿನ ಕೋಣೆಯವರೆಗೂ ಹೋಗುತ್ತಿತ್ತು. ಕಾಲಿಗೆ ದಪ್ಪ ರಬ್ಬರ್ ಪ್ಯಾಡ್ ಕೊಟ್ಟ ಮೇಲೆ ಅರ್ಧ ಕಡಿಮೆಯಾಯಿತು. ನನ್ನ ಹೊರ ಪೆಟ್ಟಿಗೆ ಅವ್ವನ ಕೋಣೆಯ ನೇರ ಮೇಲಿದೆ. ಅವ್ವ ಊಟ ಆದ ಮೇಲೆ ಒಂದೂವರೆಯಿಂದ ಮೂರರ ತನಕ ಮಲಗುತ್ತಾಳೆ, ಅದು ಓಡುವುದೂ ಅದೇ ಹೊತ್ತಿಗೆ. ಹಳೆಯದು ಶುರುವಾದರೆ ಕಿಟಕಿಯ ಗಾಜು ಅದುರುತ್ತಿತ್ತು. ಈಗ ಮಷಿನ್ ಓಡುತ್ತಿದೆಯೋ ಇಲ್ಲವೋ ಅಂತ ನಾನೇ ಮೇಲೆ ಹೋಗಿ ಫ್ಯಾನ್ ನೋಡಬೇಕು. ಆ ₹46,000ಕ್ಕೆ ನನಗೆ ಸಿಕ್ಕಿದ್ದು ಇದು, ಅವ್ವನ ನಿದ್ದೆ. ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಮಷಿನಿನ ಕೆಳಗೆ ಯಾರೂ ಮಲಗದ ಮನೆಯವರು ಕೇಳಿದರೆ ಅಕ್ಕನದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ.

ಅಕ್ಕನದರಲ್ಲಿ ಒಂದು ಲಾಭ ಯಾರೂ ಹೇಳಿರಲಿಲ್ಲ. ಬಿಸಿ ಕಳೆದುಕೊಂಡ ಗಾಳಿ ತಂಪಾಗಿ ಹೊರಬರುತ್ತದೆ ಅಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಆ ಬಾಲ್ಕನಿ ತಣ್ಣಗಿರುತ್ತದೆ. ಅಕ್ಕ ಆಲೂಗಡ್ಡೆ, ಈರುಳ್ಳಿ ಬುಟ್ಟಿಗಳನ್ನು ಅಲ್ಲೇ ಇಟ್ಟಳು. ಜನವರಿಯಲ್ಲಿ ಮಾತ್ರ ಅಲ್ಲಿ ನಿಂತು ಪಾತ್ರೆ ತೊಳೆಯುವವರಿಗೆ ಬೆನ್ನಿಗೆ ಕೊರೆಯುವ ಗಾಳಿ. ಒಂದು ಬಾಗುವ ಪೈಪು ಹಾಕಿ ಗಾಳಿಯನ್ನು ಜಾಲರಿಯ ಆಚೆ ಬಿಟ್ಟೆವು. ಬೇಸಿಗೆ ಬಂದಾಗ ಪೈಪ್ ತೆಗೆದೆವು.

ಮುಂದೆ ರಿಪೇರಿ ಬಂದರೆ ಅಕ್ಕನದು ಸರಳ. ನನ್ನದರಲ್ಲಿ ಇನ್ವರ್ಟರ್ ಬೋರ್ಡ್ ಇದೆ, ಮಳೆಗಾಲದಲ್ಲಿ ಕರೆಂಟ್ ಹೋಗಿಬರುವಾಗ ಅದರದ್ದೇ ಚಿಂತೆ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಸರಿ ಮಾಡಿಸಿದೆ. ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಬರುತ್ತದೆ, ಅದು ಗಡಸು. ಖಡಕವಾಸ್ಲಾ ಅಣೆಕಟ್ಟಿನಿಂದ ನಲ್ಲಿಗೆ ಬರುವ ನೀರಿನಷ್ಟು ಟ್ಯಾಂಕಿಗೆ ಒಳ್ಳೆಯದಲ್ಲ. ಡಿಸೆಂಬರಿನಲ್ಲಿ ವರ್ಷ ತುಂಬಿದಾಗ ಎರಡೂ ಟ್ಯಾಂಕಿನ ಆನೋಡ್ ಬಿಚ್ಚಿ, ಪಕ್ಕಪಕ್ಕ ಇಟ್ಟು, ಎಷ್ಟು ಸವೆದಿದೆ ಅಂತ ನೋಡುತ್ತೇವೆ. ಅದರ ನಟ್ಟಿಗೆ ಕೂರುವ 27 ನಂಬರಿನ ಪಾನಾ (ಸ್ಪ್ಯಾನರ್) ಈಗಲೇ ತಂದು ಅಕ್ಕನ ಬಾಲ್ಕನಿಯ ಮೊಳೆಗೆ ನೇತುಹಾಕಿದ್ದೇನೆ.