ಕೈಕಾಗದದ ಲಗ್ನಪತ್ರಿಕೆ: ಕಾಗದಕ್ಕೆ ಪೂರ್ತಿ ಅಂಕ, ಪ್ರೂಫಿಗೆ ಅರ್ಧ

ದಾವಣಗೆರೆ ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿಗೇನೂ ಬರವಿಲ್ಲ. ಆದರೆ ಹೆಚ್ಚಿನ ಕಡೆ ಸಿಗುವುದು ಸಿದ್ಧ ಕಾರ್ಡು, ಹೆಸರು ಮುಹೂರ್ತ ಮಾತ್ರ ಅಚ್ಚು ಹಾಕಿ ಕೊಡುತ್ತಾರೆ. ಇಲ್ಲಿ ಹೇಳುತ್ತಿರುವುದು ಹಾಳೆ ಕತ್ತರಿಸುವುದರಿಂದ ದಾರ ಕಟ್ಟುವವರೆಗೆ ಎಲ್ಲ ಕೈಯಲ್ಲೇ ಮಾಡುವ ಒಂದು ಸಣ್ಣ ಅಂಗಡಿಯ ಕೆಲಸದ ಬಗ್ಗೆ. ಆರ್ಡರ್ 150 ಕಾರ್ಡು, ಕವರ್ ಸೇರಿ ಒಂದಕ್ಕೆ 70 ರೂಪಾಯಿ, ವಾಯಿದೆ 12 ದಿನ.

ಕಾಗದಕ್ಕೆ ಹೆಸರಿಡುವಂತಿಲ್ಲ. ಹತ್ತಿ ಚಿಂದಿಯಿಂದ ಕೈಯಲ್ಲೇ ಮಾಡಿದ 220 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ಹಾಳೆ, ಮುಟ್ಟಿದರೆ ಒಗೆದ ಖಾದಿಯ ಹಾಗೆ. (ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೇ ಹೆಸರಾಗಿದ್ದ ಊರಿಗೆ ಹತ್ತಿ ಕಾಗದ ಹೊರಗಿನಿಂದ ಬರಬೇಕು, ಇರಲಿ.) ಹೂವಿನ ಎಸಳು ಸೇರಿಸಿದ ಹಾಳೆಯನ್ನೂ ತೋರಿಸುತ್ತಾರೆ, ಬೇಡ ಅನ್ನಿ. ಎಸಳಿನ ಮೇಲೆ ಬಿದ್ದ ಅಕ್ಷರ ಒಡೆಯುತ್ತದೆ.

ಎಡವಟ್ಟು ಶುರುವಾಗುವುದು ಕಟಿಂಗಿನಲ್ಲಿ. ಹಾಳೆಯ ಅಳತೆ 22×30 ಇಂಚು. 5×7ರ ಮಡಿಚುವ ಕಾರ್ಡು ಬಿಚ್ಚಿದರೆ 10×7. ಒಂದು ಹಾಳೆಗೆ ಒಂಬತ್ತು ಕೂರಿಸಿದರೆ ಉದ್ದ 30 ಇಂಚೂ ಪೂರ್ತಿ ಖರ್ಚು, ಹಾಳೆಯ ಅಂಕುಡೊಂಕು ಅಂಚು ಹಾಗೇ ಕಾರ್ಡಿಗೆ ಬರುತ್ತದೆ, ಕವರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಟೇ ಕೂರಿಸಿದರೆ ನಾಲ್ಕೂ ಕಡೆ ಒಂದೊಂದು ಇಂಚು ಕತ್ತರಿಸಿ ನೇರ ಮಾಡಬಹುದು. 150ಕ್ಕೆ ಒಂಬತ್ತರ ಲೆಕ್ಕದಲ್ಲಿ 17 ಹಾಳೆ, ಎಂಟರ ಲೆಕ್ಕದಲ್ಲಿ 19. ಕೆಡುವುದಕ್ಕೆಂದು ಇನ್ನೆರಡು ಹಿಡಿಯಿರಿ. ಈ ಅಂಗಡಿ ಕೇಳದೇ ಒಂಬತ್ತು ಹಾಕುತ್ತದೆ. ಎಂಟು ಬೇಕೆಂದು ಮೊದಲೇ ಹೇಳಬೇಕು.

ಅಚ್ಚು ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿ ಬಟ್ಟೆಯ ಮೂಲಕ ಇಂಕು ಒತ್ತುವುದು, ಅದೇ ಸರಿ. ಲೇಸರ್ ಪ್ರಿಂಟರಿನ ಪುಡಿ ಈ ಒರಟು ಹಾಳೆಯ ತಗ್ಗಿನಲ್ಲಿ ಕೂರುವುದಿಲ್ಲ, ಮಡಿಕೆಯಲ್ಲಿ ಉದುರುತ್ತದೆ. ಆದರೆ ಸ್ಕ್ರೀನಿನಲ್ಲಿ ಇಂಕು ಸ್ವಲ್ಪ ಹರಡುವುದರಿಂದ ಸಣ್ಣ ಒತ್ತಕ್ಷರ ತುಂಬಿಕೊಂಡುಬಿಡುತ್ತದೆ. ಒಳಪುಟದ ಅಕ್ಷರ 12 ಪಾಯಿಂಟಿಗಿಂತ ಕೆಳಗಿಳಿಸಬೇಡಿ. ‘ಆಶೀರ್ವಾದಾಭಿಲಾಷಿಗಳು’ ಕೆಳಗೆ ಇಪ್ಪತ್ತು ಹೆಸರು ತುರುಕಲೇಬೇಕು ಎನ್ನುವ ದೊಡ್ಡಪ್ಪ ಮನೆಯಲ್ಲಿದ್ದರೆ ಇನ್ನೊಂದು ಒಳಹಾಳೆ ಸೇರಿಸಿ.

ನಿಜವಾದ ತಕರಾರು ಪ್ರೂಫಿನದು, ಅಂದರೆ ಅಚ್ಚಿಗೆ ಮುಂಚೆ ತಪ್ಪು ನೋಡಲು ಕೊಡುವ ಕರಡಿನದು. ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಬರಹವನ್ನು ಡಿಟಿಪಿಯವರು ‘ನುಡಿ’ ತಂತ್ರಾಂಶದ ಹಳೇ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಮೂರಕ್ಷರ ಸೇರಿದ ಒತ್ತು ಚೆದುರುತ್ತದೆ. ಮದುಮಗಳ ಹೆಸರು ಜ್ಯೋತ್ಸ್ನಾ ಆಗಿದ್ದರೆ ಎರಡು ಸಲ ನೋಡಿ. ಇವರು ಮೊಬೈಲಿಗೆ ಒಂದು ಫೋಟೊ ಕಳಿಸಿ ‘ಓಕೆನಾ ಸರ್?’ ಅನ್ನುತ್ತಾರೆ. ಅಷ್ಟಕ್ಕೇ ಒಪ್ಪಬೇಡಿ, ಕಾಗದದ ಮೇಲೆ ನಿಜ ಅಳತೆಯ ಪ್ರಿಂಟ್ ಕೇಳಿ. ಸ್ಕ್ರೀನ್ ಒಮ್ಮೆ ತಯಾರಾದರೆ ಒಂದಕ್ಷರ ತಿದ್ದಲಿಕ್ಕೂ ಹೊಸ ಸ್ಕ್ರೀನೇ ಮಾಡಬೇಕು, ಅದರ ದುಡ್ಡು ನಿಮ್ಮ ತಲೆಗೆ. ನಿಮ್ಮವರೇ ಯಾರಾದರೂ ಪೇಜು ಕಟ್ಟಬಲ್ಲವರಿದ್ದರೆ ಪಿಡಿಎಫ್ ಮಾಡಿ ಕೊಡುವುದು ಎಲ್ಲಕ್ಕಿಂತ ವಾಸಿ.

ಮಡಿಕೆ ಚೆನ್ನಾಗಿದೆ. ಮೊಂಡು ಮೊನೆಯಿಂದ ಕ್ರೀಸಿಂಗ್ ಹಾಕಿಯೇ ಮಡಿಚುತ್ತಾರೆ, ನಾರು ಬಿರಿದಿಲ್ಲ. ಒಳಹಾಳೆಗೆ ಮಾತ್ರ ಪೂರ್ತಿ ಫೆವಿಕಾಲ್ ಬಳಿದಿದ್ದರು. ನೀರಿನ ಅಂಟು, ಹಾಳೆ ಹಪ್ಪಳದ ಹಾಗೆ ಎದ್ದಿತ್ತು. ಮಡಿಕೆಯ ಪಕ್ಕ ಸಣ್ಣ ಡಬಲ್ ಟೇಪ್ ಸಾಕು.

ನೂರೈವತ್ತು, ಇನ್ನೂರರ ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಧಾರಾಳವಾಗಿ ಕೊಡಬಹುದು. ಊರಿಗೂರೇ ಹಂಚುವ ಸಾವಿರ ಕಾರ್ಡಿನ ಮದುವೆಗೆ ಈ ಕೈ ಸಾಲದು. ಮಳೆಗಾಲವಾದರೆ ವಾಯಿದೆಗೆ ನಾಲ್ಕು ದಿನ ಕೂಡಿಸಿ. ಇಂಕು ಆರುವ ಮುನ್ನ ಒಂದರ ಮೇಲೊಂದು ಪೇರಿಸಿದರೆ ಮೇಲಿನದರ ಬೆನ್ನಿಗೆ ‘ಶ್ರೀ’ ತಿರುಗುಮುರುಗಾಗಿ ಮೂಡುತ್ತದೆ.

ನಾಲ್ಕು ಮೂಲೆಗೆ ಅರಿಶಿನ ಹಚ್ಚುವಾಗ ಎಂದಿನಂತೆ ನೀರು ಮಾಡಿ ಅದ್ದಬೇಡಿ. ಕೈಕಾಗದ ಹೀರಿಕೊಂಡು ಅಕ್ಷರದವರೆಗೂ ಹಳದಿ ಹಬ್ಬಿಸುತ್ತದೆ. ಎರಡು ಚಮಚ ಪುಡಿಗೆ ಮುದ್ದೆಯಾಗುವಷ್ಟೇ ಹನಿ ನೀರು ಹಾಕಿ, ಬೆರಳ ತುದಿಯಲ್ಲಿ ಒತ್ತಿ, ಅರ್ಧ ಗಂಟೆ ಆರಿದ ಮೇಲೆ ಕವರಿಗೆ ಸೇರಿಸಿ.