ದಿನಕ್ಕೆ 60 ರೂಪಾಯಿಯ ಊಟ: ತೊಗರಿಬೇಳೆ, ಹುರುಳಿ, ಸೋಯಾ – ಯಾವುದು ಗಿಟ್ಟುತ್ತದೆ?

ಕೈ ಬಿಗಿಯಾದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಆಗುವುದು ಒಂದೇ: ಹಿಡಿ ಬೇಳೆ ಹಾಕುವ ಕಡೆ ಅರ್ಧ ಹಿಡಿ ಬೀಳುತ್ತದೆ, ಸಾರು ತಿಳಿಯಾಗುತ್ತದೆ, ತಟ್ಟೆಯಲ್ಲಿ ಅನ್ನದ ಗುಡ್ಡೆ ಏರುತ್ತದೆ. ಸಂಜೆ ನಾಲ್ಕಕ್ಕೆ ಮತ್ತೆ ಹಸಿವು. ಬೇಳೆ ಕಡಿಮೆ ಮಾಡುವ ಬದಲು ಕಾಳು ಬದಲಿಸಿದರೆ ಅದೇ ದುಡ್ಡಿಗೆ ಎಷ್ಟು ಸಿಗುತ್ತದೆ ಎಂದು ತೂಗಿ, ಬೇಯಿಸಿ, ಗ್ಯಾಸನ್ನೂ ಸೇರಿಸಿ ನೋಡಿದ ಹೋಲಿಕೆ ಇದು. ಲೆಕ್ಕ ಒಬ್ಬರಿಗೆ, ದಿನಕ್ಕೆ 60 ರೂಪಾಯಿ. ಸಾಮಾನು ಇಷ್ಟೇ: ಎರಡು ಬರ್ನರಿನ ಒಲೆ, ಮೂರು ಲೀಟರಿನ ಕುಕ್ಕರ್, ಒಂದು ಬಾಣಲೆ. ಫ್ರಿಜ್ ಇಲ್ಲ.

ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಇಲ್ಲಿ ಹಿಡಿದಿರುವುದು ಕೆಜಿಗೆ ತೊಗರಿಬೇಳೆ 120, ಹುರುಳಿ 75, ಅಲಸಂದೆ 95, ಕಡಲೆಕಾಳು 85, ಹೆಸರುಕಾಳು 110, ಬಿಡಿ ಸೋಯಾ (ಸೋಯಾ ಚಂಕ್ಸ್) 120, ಶೇಂಗಾ 140. ಮೊಟ್ಟೆ ಒಂದಕ್ಕೆ ಆರೂವರೆ, ಹಾಲು ಲೀಟರಿಗೆ 46. ನಿಮ್ಮ ಅಂಗಡಿಯ ದರ ಹಾಕಿಕೊಂಡು ತಿದ್ದಿಕೊಳ್ಳಿ, ಸಾಲಿನ ಕ್ರಮ ಅಷ್ಟಾಗಿ ಬದಲಾಗದು.

10 ಗ್ರಾಂ ಪ್ರೋಟೀನಿಗೆ ತಗಲುವ ದುಡ್ಡು ಹೀಗೆ:

ಸೋಯಾ – 2 ರೂ. 30 ಪೈಸೆ
ಹುರುಳಿ – 3 ರೂ. 40 ಪೈಸೆ
ಅಲಸಂದೆ – 4 ರೂ. 10 ಪೈಸೆ
ಕಡಲೆಕಾಳು – 4 ರೂ. 50 ಪೈಸೆ
ಹೆಸರುಕಾಳು – 4 ರೂ. 80 ಪೈಸೆ
ತೊಗರಿಬೇಳೆ – 5 ರೂ. 50 ಪೈಸೆ
ಶೇಂಗಾ – 5 ರೂ. 60 ಪೈಸೆ
ಮೊಟ್ಟೆ – ಹತ್ತೂವರೆ ರೂಪಾಯಿ
ಹಾಲು – ಹದಿನಾಲ್ಕೂವರೆ ರೂಪಾಯಿ

ಪಟ್ಟಿಯನ್ನಷ್ಟೇ ನೋಡಿದರೆ ಸೋಯಾ ಗೆದ್ದಂತೆ. ಅಡುಗೆಮನೆಯಲ್ಲಿ ಹಾಗಾಗುವುದಿಲ್ಲ.

ಮೊದಲು ಹುರುಳಿ. ಅದರ ಅಗ್ಗವನ್ನು ಗ್ಯಾಸ್ ನುಂಗಿಬಿಡಬಹುದು. 14.2 ಕೆಜಿ ಸಿಲಿಂಡರಿಗೆ 860 ರೂಪಾಯಿ ಹಿಡಿದರೆ ಕೆಜಿ ಗ್ಯಾಸಿಗೆ ಸುಮಾರು 60. ಸಣ್ಣ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹೆಚ್ಚುಕಡಿಮೆ 150 ಗ್ರಾಂ ಉರಿಸುತ್ತದೆ, ಅಂದರೆ 10 ನಿಮಿಷಕ್ಕೆ ಒಂದೂವರೆ ರೂಪಾಯಿ. ನೆನೆಸದ ಹುರುಳಿ ಕುಕ್ಕರಿನಲ್ಲೂ 35 ನಿಮಿಷ ಬೇಡುತ್ತದೆ, ಆಮೇಲೂ ಒಂದಷ್ಟು ಕಾಳು ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಎಂಟು–ಹತ್ತು ಗಂಟೆ ನೆನೆದದ್ದು 12–15 ನಿಮಿಷದಲ್ಲಿ ಹಿಸುಕಿದರೆ ಹಿಟ್ಟಾಗುತ್ತದೆ. 100 ಗ್ರಾಂ ಹುರುಳಿಗೂ 100 ಗ್ರಾಂ ತೊಗರಿಬೇಳೆಗೂ ಅಂಗಡಿಯಲ್ಲಿ ನಾಲ್ಕೂವರೆ ರೂಪಾಯಿ ವ್ಯತ್ಯಾಸ. ನೆನೆಸುವುದನ್ನು ಮರೆತರೆ ಅದರಲ್ಲಿ ಮೂರು ರೂಪಾಯಿ ಒಲೆಗೆ ಹೋಯಿತು. ರಾತ್ರಿ ಪಾತ್ರೆ ತೊಳೆದ ಮೇಲೆ ನೆನೆಹಾಕುವ ರೂಢಿ ಇರುವವರಿಗೆ ಹುರುಳಿ ಗಿಟ್ಟುತ್ತದೆ. ಇಲ್ಲದವರು ಅಲಸಂದೆ ಹಿಡಿಯುವುದು ಲೇಸು, ನಾಲ್ಕು ಗಂಟೆ ನೆನೆದರೂ ಮೂರು ಕೂಗಿಗೆ ಬೇಯುತ್ತದೆ.

ಬಿಡಿ ಹುರುಳಿಯಲ್ಲಿ ಸಣ್ಣ ಕಲ್ಲು ಇರುವುದು ಮಾಮೂಲು. ಕಾಳಿನ ಬಣ್ಣವೇ ಕಲ್ಲಿನದೂ ಆದ್ದರಿಂದ ಆರಿಸಿ ಮುಗಿಯುವುದಿಲ್ಲ, ಎರಡು ನೀರಿನಲ್ಲಿ ಜಾಲಿಸಿ ತಳ ಬಿಟ್ಟುಬಿಡಿ. ಬೇಸಿಗೆಯಲ್ಲಿ ‘ಹುರುಳಿ ಉಷ್ಣ’ ಎಂದು ಮನೆಯವರು ಮುಖ ತಿರುಗಿಸಿದರೆ ವಾದಕ್ಕೆ ಇಳಿಯಬೇಡಿ. ಮಾರ್ಚಿಯಿಂದ ಮೇ ತನಕ ಹೆಸರುಕಾಳಿಗೆ ತಿರುಗಿ. ನಾಲಿಗೆಗೂ ಬದಲಾವಣೆ.

ಮೊಳಕೆ ಕಟ್ಟಿದರೆ ಬೇಯುವ ಹೊತ್ತು ಇನ್ನೂ ಇಳಿಯುತ್ತದೆ: ಮೊಳಕೆ ಹುರುಳಿಗೆ ಎರಡು ಕೂಗು ಸಾಕು. 100 ಗ್ರಾಂ ಒಣಕಾಳು ಮೊಳೆತಾಗ 220–250 ಗ್ರಾಂ ತೂಗುತ್ತದೆ. ಅದು ನೀರಿನ ತೂಕ, ಪ್ರೋಟೀನ್ ಹೆಚ್ಚಿತೆಂದು ಹಿಗ್ಗಬೇಡಿ. ಹೆಚ್ಚುವುದು ಸಿ ಜೀವಸತ್ವ, ಅದರಲ್ಲೂ ಒಂದಷ್ಟು ಬೇಯಿಸುವಾಗ ಹೋಗುತ್ತದೆ. ಕೆಡುವುದು ಸಾಮಾನ್ಯವಾಗಿ ಬಟ್ಟೆ ಕಟ್ಟುವಾಗ. ನೀರು ಪೂರ್ತಿ ಸೋರುವ ಮೊದಲೇ ಗಂಟು ಬಿಗಿದರೆ ಮರುದಿನ ಲೋಳೆ ಮತ್ತು ಹುಳಿ ವಾಸನೆ. ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಡಿ, ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಸೆಕೆಗಾಲದಲ್ಲಿ ಹನ್ನೆರಡು ಗಂಟೆಗೊಮ್ಮೆ ತೊಳೆದು ಮತ್ತೆ ಸೋಸಿ. ಮೊಳಕೆ ಅರ್ಧ ಇಂಚಿನೊಳಗೆ ಇರುವಾಗಲೇ ಬೇಯಿಸಬೇಕು, ಉದ್ದವಾದಷ್ಟೂ ನಾರು.

ಸೋಯಾ ಬೇಯುವುದು ಐದೇ ನಿಮಿಷ. 25 ಗ್ರಾಂ ಬಿಡಿ ಸೋಯಾದಲ್ಲಿ 13 ಗ್ರಾಂ ಪ್ರೋಟೀನ್, ಖರ್ಚು ಮೂರು ರೂಪಾಯಿ. ತೊಡಕು ವಾಸನೆಯದು. ಉಪ್ಪು ಹಾಕಿ ಕುದಿಸಿದ ನೀರು ಚೆಲ್ಲಿ, ತಣ್ಣೀರಿನಲ್ಲಿ ಎರಡು ಸಲ ಹಿಂಡದೆ ನೇರ ಸಾರಿಗೆ ಹಾಕಿದರೆ ಇಡೀ ಪಾತ್ರೆ ಹಸಿ ಹಿಟ್ಟಿನಂತೆ ನಾರುತ್ತದೆ. ಮಸಾಲೆ ಹೀರಿಕೊಳ್ಳುವುದೂ ಹೆಚ್ಚು, ಎಣ್ಣೆ ಕುಡಿಯುವುದೂ ಹೆಚ್ಚು. ಚೆನ್ನಾಗಿರಲೆಂದು ಹುರಿಯಹೊರಟರೆ ಕಾಳಿನಲ್ಲಿ ಉಳಿಸಿದ ರೂಪಾಯಿ ಎಣ್ಣೆಗೆ ಸರಿಹೋಗುತ್ತದೆ. ಕಾಳಿನಂತೆ ಅದಕ್ಕೊಂದು ಕಟ್ಟೂ ಇಲ್ಲ, ಅಂದರೆ ಸಾರು ಬೇರೆ ಮಾಡಬೇಕು. ವಾರಕ್ಕೆ ಎರಡು ದಿನ, ಚಿತ್ರಾನ್ನಕ್ಕೋ ಉಪ್ಪಿಟ್ಟಿಗೋ ಸಣ್ಣಗೆ ಹೆಚ್ಚಿ ಸೇರಿಸುವುದಕ್ಕೆ ಅದು ಸರಿ. ಮೂರನೆಯ ದಿನ ಯಾರೂ ತಿನ್ನುವುದಿಲ್ಲ.

ಒಂದೇ ಉರಿಯಲ್ಲಿ ಎರಡು ಪದಾರ್ಥ ಕೊಡುವುದು ಬಸ್ಸಾರು. ಕಾಳೂ ಸೊಪ್ಪೂ ಬೆಂದ ನೀರನ್ನು ಬಸಿದರೆ ಅದೇ ಸಾರಿಗೆ ಕಟ್ಟು. ಉಳಿದ ಕಾಳು–ಸೊಪ್ಪು ಪಲ್ಯ. ಬೇಳೆಸಾರಿನ ಜೊತೆ ಪಲ್ಯ ಬೇಕೆಂದರೆ ಇನ್ನೊಂದು ಪಾತ್ರೆ, ಇನ್ನೊಂದು ಉರಿ, ಇನ್ನೊಂದು ತರಕಾರಿ. ಮಂಡ್ಯ–ಹಾಸನದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಿಡಿ.

ಇಬ್ಬರಿಗೆ ಎರಡು ಹೊತ್ತಿನ ಅಳತೆ: ನೆನೆದ ಹುರುಳಿ ಅಥವಾ ಅಲಸಂದೆ (ಒಣಗಿದ್ದಾಗ 160 ಗ್ರಾಂ), ನೀರು ಒಂದು ಲೀಟರು, ಬಿಡಿಸಿದ ಸೊಪ್ಪು 300 ಗ್ರಾಂ. ಕಾಳನ್ನು ಕುಕ್ಕರಿನಲ್ಲಿ ಬೇಯಿಸಿ, ಹುರುಳಿಗೆ ನಾಲ್ಕೈದು ಕೂಗು. ಆವಿ ಇಳಿದ ಮೇಲೆ ಸೊಪ್ಪು, ಉಪ್ಪು ಹಾಕಿ ಮುಚ್ಚಳ ತೆರೆದೇ ಐದು ನಿಮಿಷ ಕುದಿಸಿ. ಸೊಪ್ಪನ್ನೂ ಕುಕ್ಕರಿನಲ್ಲಿ ಮುಚ್ಚಿ ಕೂಗಿಸಿದರೆ ಕಪ್ಪಗೆ, ಲೊಳಲೊಳ. ಬಸಿದಾಗ ಸುಮಾರು 600 ಮಿಲಿ ಕಟ್ಟು ಸಿಗಬೇಕು. ರುಬ್ಬಲು ಸುಟ್ಟ ಈರುಳ್ಳಿ ಒಂದು, ಬೆಳ್ಳುಳ್ಳಿ ಆರೇಳು ಎಸಳು, ಜೀರಿಗೆ ಒಂದು ಚಮಚ, ಮೆಣಸು ಎಂಟು ಕಾಳು, ಒಣಮೆಣಸಿನಕಾಯಿ ನಾಲ್ಕು, ಗೋಲಿ ಗಾತ್ರದ ಹುಣಸೆ, ಜೊತೆಗೆ ಬೆಂದ ಕಾಳು–ಸೊಪ್ಪಿನಿಂದಲೇ ಎರಡು ಸೌಟು. ಆ ಎರಡು ಸೌಟು ಬಿಟ್ಟರೆ ಸಾರು ನೀರು, ಹಿಟ್ಟು ಬೇರೆ, ನೀರು ಬೇರೆ. ಹುಣಸೆಯನ್ನು ಕಾಳು ಬೇಯುವಾಗ ಹಾಕಬಾರದು, ಹುಳಿ ಬಿದ್ದ ಕಾಳು ಮೆತ್ತಗಾಗುವುದಿಲ್ಲ. ಕಟ್ಟು ಬೇಗ ಹಳಸುತ್ತದೆ. ಬೆಳಗ್ಗೆ ಮಾಡಿದ್ದನ್ನು ಮಧ್ಯಾಹ್ನ ಒಮ್ಮೆ ಕುದಿಸಿಟ್ಟರೆ ಮಾತ್ರ ರಾತ್ರಿಗೆ ಬರುತ್ತದೆ.

ತೆಂಗಿನಕಾಯಿ ಈ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಿರಬಹುದು. ಕಾಯಿಗೆ 40 ರೂಪಾಯಿ ಇದ್ದಾಗ, ಇಬ್ಬರ ಸಾರಿಗೆ ಹಾಕುವ ಒಂದು ಹಿಡಿ ತುರಿಗೆ ಎಂಟು ರೂಪಾಯಿ ತಗಲುತ್ತದೆ, ಅದೇ ಸಾರಿನ ಹುರುಳಿಯ ಬೆಲೆಯ ಮೂರರಲ್ಲಿ ಎರಡು ಪಾಲು. ಬೇಳೆ ದುಬಾರಿ ಎಂದು ಗೊಣಗುವವರು ಕಾಯಿಯನ್ನು ಲೆಕ್ಕಕ್ಕೇ ತಂದುಕೊಳ್ಳುವುದಿಲ್ಲ. ಬದಲಿಗೆ 20 ಗ್ರಾಂ ಹುರಿದ ಶೇಂಗಾ ರುಬ್ಬಿದರೆ ಮೂರು ರೂಪಾಯಿ, ಐದು ಗ್ರಾಂ ಪ್ರೋಟೀನ್ ಹೆಚ್ಚುವರಿ. ಹುರಿಗಡಲೆಯೂ ಆಗುತ್ತದೆ, ಆದರೆ ಹೆಚ್ಚಾದರೆ ಸಾರು ಅಂಟಾಗಿ ತಳ ಹಿಡಿಯುತ್ತದೆ. ಹುಚ್ಚೆಳ್ಳು ಹಾಕಿದರೆ ರುಚಿ ಬೇರೆಯದೇ, ಬಣ್ಣ ಮಾತ್ರ ಕಪ್ಪು.

ಇನ್ನು ಅನ್ನವೋ, ಮುದ್ದೆಯೋ, ರೊಟ್ಟಿಯೋ. ಕಾರ್ಡ್ ಇದ್ದವರಿಗೆ 2013ರಿಂದ ಇರುವ ಅನ್ನಭಾಗ್ಯದ ಅಕ್ಕಿಯ ಮುಂದೆ ಬೇರೆ ಯಾವುದೂ ದರದಲ್ಲಿ ನಿಲ್ಲುವುದಿಲ್ಲ. ಪಡಿತರದ ಅಕ್ಕಿಯಲ್ಲಿ ಕಾಣುವ ಬಣ್ಣ ಬೇರೆಯಾದ ಕಾಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುವುದು ಈಗಲೂ ನಡೆದಿದೆ. ಅದು ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು, ನೂರಕ್ಕೆ ಒಂದರ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಮೊಟ್ಟೆ–ಮಾಂಸ ಮುಟ್ಟದವರಿಗೆ ಬಿ12 ಹಾಲು ಬಿಟ್ಟರೆ ಬೇರೆಲ್ಲೂ ಸುಲಭಕ್ಕೆ ಸಿಗದು, ಆದ್ದರಿಂದ ಎಸೆಯುವುದು ನಷ್ಟ. ಹೆಚ್ಚು ನೀರಿಟ್ಟು ಗಂಜಿ ಬಸಿದು ಚೆಲ್ಲುವುದೂ ಹಾಗೆಯೇ.

ರಾಗಿಯ ಮೇಲುಗೈ ಸುಣ್ಣಾಂಶದಲ್ಲಿ. 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಕ್ಕಿಯಲ್ಲಿ 10ರ ಆಸುಪಾಸು. ದಿನಕ್ಕೆ 150 ಗ್ರಾಂ ಹಿಟ್ಟಿನ ಮುದ್ದೆಯೇ 500 ಮಿಲಿಗ್ರಾಂ ದಾಟಿಸುತ್ತದೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ದೊಡ್ಡವರಿಗೆ ಹೇಳಿದ 1000ದ ಅರ್ಧ. ಅಷ್ಟನ್ನು ಹಾಲಿನಿಂದ ಪಡೆಯಹೊರಟರೆ 400 ಮಿಲಿಗೂ ಮೇಲೆ ಬೇಕು, 20 ರೂಪಾಯಿ. ಪೊಟ್ಟಣದ ಹಿಟ್ಟಿಗಿಂತ ಕಾಳು ಕೊಂಡು ಮಿಲ್ಲಿಗೆ ಹಾಕಿಸುವುದು ಅಗ್ಗ, ರಾಗಿಕಾಳಿಗೆ ಹುಳು ಬೀಳುವುದೂ ಅಪರೂಪ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮೊದಲು ಒಂದು ಚಮಚ ಹಿಟ್ಟು ಕದಡಿ ನೀರು ಕುದಿಸಿ, ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿದು ಕೋಲಿನಿಂದ ಒಂದು ತೂತು ಮಾಡಿ, ಕಲಕದೆ ಐದು ನಿಮಿಷ ಬಿಡಿ. ಗಂಟಾಗುವುದು ಈ ಐದು ನಿಮಿಷ ಕಾಯದೆ ಕೋಲಾಡಿಸಿದ್ದರಿಂದ. ಒದ್ದೆ ಕೈಯಲ್ಲಿ ಮುಟ್ಟಿದಾಗ ಅಂಟಿದರೆ ಇನ್ನೂ ಹಸಿ.

ಜೋಳ ಈಗ ಬಡವರ ಧಾನ್ಯವಾಗಿ ಉಳಿದಿಲ್ಲ. ಒಳ್ಳೆಯ ಮಾಲದಂಡಿ ಜೋಳ ಎಷ್ಟೋ ಸಲ ಸೋನಾ ಮಸೂರಿಯ ದರಕ್ಕೆ ಮುಟ್ಟುತ್ತದೆ. ಪ್ರೋಟೀನ್ 10 ಗ್ರಾಂ, ಅಕ್ಕಿ–ರಾಗಿಗಿಂತ ಮೇಲು. ರೊಟ್ಟಿಗೆ ಹೊಸ ಹಿಟ್ಟೇ ಬೇಕು. ಹದಿನೈದು ದಿನ ದಾಟಿದರೆ ಜಿಗಿ ಹೋಗಿ ತಟ್ಟುವಾಗ ಅಂಚು ಬಿರಿಯುತ್ತದೆ, ಕುದಿವ ಎಸರು ಹಾಕಿ ನಾದಿದರೂ ಅಷ್ಟಕ್ಕಷ್ಟೇ. ಹಳೆ ಹಿಟ್ಟಿದ್ದರೆ ಅಂಬಲಿ ಮಾಡಿ ಮುಗಿಸಿ. ರೊಟ್ಟಿ ಬಡಿಯಲು ಬಾರದವರಿಗೆ ಜೋಳದ ನುಚ್ಚು ಸುಲಭ, ಕುಕ್ಕರಿನಲ್ಲೇ ಆಗುತ್ತದೆ.

ಸೊಪ್ಪಿನಲ್ಲಿ ಕಟ್ಟಿನ ದರ ನೋಡಬೇಡಿ, ಬಿಡಿಸಿದ ಮೇಲೆ ಉಳಿಯುವುದನ್ನು ನೋಡಿ. ಮೆಂತ್ಯದಲ್ಲಿ ಅರ್ಧದಷ್ಟು ಕಡ್ಡಿ ಮತ್ತು ಬೇರು. ದಂಟಿನಲ್ಲಿ ಎಲೆ ಬಸ್ಸಾರಿಗೆ, ದಂಟು ಮರುದಿನ ಹುಳಿಗೆ, ಏನೂ ಬಿಸಾಡುವುದಿಲ್ಲ. ಪಾಲಕ್ ಬೆಂದರೆ ಹಿಡಿಯಷ್ಟಾಗುತ್ತದೆ; ಅದರ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದೂ ಇಲ್ಲ. ಬೀದಿಯಲ್ಲಿ ನುಗ್ಗೆಮರವಿದ್ದರೆ ಕೇಳಿ ಕೊಯ್ದುಕೊಳ್ಳಿ. ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರೆ ಸೊಪ್ಪು–ಕಾಳಿನ ಕಬ್ಬಿಣ ಹೆಚ್ಚು ಹತ್ತುತ್ತದೆ, ಉಂಡ ತಕ್ಷಣ ಚಹಾ ಕುಡಿದರೆ ಕಡಿಮೆ.

ಒಬ್ಬರ ದಿನದ ಲೆಕ್ಕ ಹೀಗೆ ಕೂರುತ್ತದೆ: ಅಕ್ಕಿ 200 ಗ್ರಾಂ 9 ರೂ., ರಾಗಿ 150 ಗ್ರಾಂ 7, ಕಾಳು 80 ಗ್ರಾಂ 7, ಸೊಪ್ಪು 8, ತರಕಾರಿ 4, ಎಣ್ಣೆ 20 ಮಿಲಿ 3, ಶೇಂಗಾ 20 ಗ್ರಾಂ 3, ಮೊಟ್ಟೆ ಆರೂವರೆ, ಮೊಸರಿಗೆ ಹಾಲು 100 ಮಿಲಿ ನಾಲ್ಕೂವರೆ, ಈರುಳ್ಳಿ–ಮೆಣಸಿನಕಾಯಿ–ಹುಣಸೆ–ಉಪ್ಪು 4, ಗ್ಯಾಸ್ 4. ಒಟ್ಟು 60, ಅಕ್ಕಿ ಪಡಿತರದ್ದಾದರೆ 51. ಪ್ರೋಟೀನ್ 60 ಗ್ರಾಂ ಆಸುಪಾಸು (65 ಕೆಜಿ ತೂಕದ ಗಂಡಸಿಗೆ ಐಸಿಎಂಆರ್ ಹೇಳುವುದು 54), ಶಕ್ತಿ 1900 ಕ್ಯಾಲೊರಿಯ ಮೇಲೆ. ಕೂತು ಕೆಲಸ ಮಾಡುವ ಹೆಂಗಸರಿಗೆ ಇದು ಧಾರಾಳ, ಗಂಡಸರಿಗೆ ತುಸು ಕಡಿಮೆ, ಗಾರೆ ಕೆಲಸ, ಹಮಾಲಿ ಮಾಡುವವರಿಗೆ ಖಂಡಿತ ಸಾಲದು. ಅವರಿಗೆ ಇನ್ನೂ 150 ಗ್ರಾಂ ಧಾನ್ಯ, ಒಂದು ಹಿಡಿ ಶೇಂಗಾ ಸೇರಿಸಬೇಕು, ಹತ್ತು–ಹನ್ನೆರಡು ರೂಪಾಯಿ ಏರುತ್ತದೆ. ಮೊಟ್ಟೆ ತಿನ್ನದವರು ಆ ದುಡ್ಡಿಗೆ ಹಾಲನ್ನು 250 ಮಿಲಿಗೆ ಏರಿಸಿಕೊಳ್ಳಬಹುದು.

ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ಲೆಕ್ಕ ಬೇರೆ. 2017ರಲ್ಲಿ ಶುರುವಾದಾಗಿನ ದರ ತಿಂಡಿಗೆ 5, ಊಟಕ್ಕೆ 10. ಆ ದುಡ್ಡಿಗೆ ಮನೆಯಲ್ಲಿ ಒಲೆ ಹಚ್ಚುವುದು ಗಿಟ್ಟುವುದಿಲ್ಲ. ಆದರೆ ತಟ್ಟೆ ಮುಖ್ಯವಾಗಿ ಅನ್ನದ್ದು. ಮಧ್ಯಾಹ್ನ ಅಲ್ಲಿ ಉಂಡವರು ರಾತ್ರಿಗೆ ಅನ್ನ ಬಿಟ್ಟು ಮುದ್ದೆ–ಬಸ್ಸಾರು, ಒಂದು ಬೇಯಿಸಿದ ಮೊಟ್ಟೆ ಇಟ್ಟುಕೊಂಡರೆ 60 ರೂಪಾಯಿಯಲ್ಲಿ ವಾರಕ್ಕೆರಡು ಡಜನ್ ಬಾಳೆಹಣ್ಣಿಗೂ ಉಳಿಯುತ್ತದೆ.