ಸಮ್ಮಿತಿ ತೋರಿಸುವ ರೆಸಿನ್ ಮಾದರಿ ಸೆಟ್: ಜಿರಳೆಗೆ ಪೂರ್ಣ ಅಂಕ, ನಕ್ಷತ್ರಮೀನಿಗೆ ಅರ್ಧ

ಪಾರದರ್ಶಕ ರೆಸಿನ್‌ನಲ್ಲಿ ಹುದುಗಿಸಿದ ನಾಲ್ಕು ಜೀವಿಗಳು: ಜಿರಳೆ, ಗಂಡು ಫಿಡ್ಲರ್ ಏಡಿ, ಸನ್ಯಾಸಿ ಏಡಿ, ನಕ್ಷತ್ರಮೀನು. ಆಯ್ಕೆ ಮಾಡಿದವರಿಗೆ ವಿಷಯ ಗೊತ್ತಿದೆ.

ಜಿರಳೆಯೇ ಸೆಟ್‌ನ ಜೀವಾಳ. ಕಾಲು, ಮೀಸೆ, ಖಂಡಗಳೆಲ್ಲ ಎಡಬಲ ಸರಿಸಮ. ಆದರೆ ಎಡ ಮುಂರೆಕ್ಕೆ ಬಲದ ಮೇಲೆ ಹಾಯ್ದಿರುವುದು ಬರಿಗಣ್ಣಿಗೇ ಕಾಣುತ್ತದೆ. ದ್ವಿಪಾರ್ಶ್ವ ಸಮ್ಮಿತಿ (ಎಡ ಬಲ ಅರ್ಧಗಳ ಹೊಂದಿಕೆ) ಎಂದರೆ ಪಡಿಯಚ್ಚಲ್ಲ ಎನ್ನುವುದಕ್ಕೆ ಇನ್ನೇನು ಬೇಕು? ಫಿಡ್ಲರ್ ಏಡಿಯ ಒಂದೇ ದೊಡ್ಡ ಕೊಂಡಿ ಸ್ಪಷ್ಟವಾಗಿದೆ. ಸನ್ಯಾಸಿ ಏಡಿಯನ್ನು ಮಾತ್ರ ಚಿಪ್ಪಿನೊಳಗೇ ಬಿಟ್ಟಿದ್ದಾರೆ. ಸುರುಳಿಗೆ ಹೊಂದುವಂತೆ ತಿರುಚಿದ ಮೆತ್ತನೆಯ ಹೊಟ್ಟೆಯನ್ನೇ ಮರೆಮಾಡಿದರೆ ತೋರಿಸುವುದೇನನ್ನು?

ನಕ್ಷತ್ರಮೀನನ್ನು ಬಾಯಿ ಮೇಲಾಗಿ ಇಟ್ಟು, ತಳಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆ. ಹೀಗಾಗಿ ಬೆನ್ನಿನ ಮೇಲೆ, ನಡುವಿನಿಂದ ತುಸು ಸರಿದಿರುವ ಜರಡಿ ಫಲಕ (ಸಣ್ಣ ರಂಧ್ರಗಳಿರುವ ಬಿಲ್ಲೆ) ಕಾಣುವುದಿಲ್ಲ. ಐದು ತೋಳಿನ ಸಮ್ಮಿತಿಯನ್ನು ಮುರಿಯುವುದೇ ಅದು. ನಕ್ಷತ್ರಮೀನಿನ ಲಾರ್ವಾ (ಮರಿ ಹಂತ) ದ್ವಿಪಾರ್ಶ್ವ ಸಮ್ಮಿತಿಯದು ಎಂಬ ಮಾತು ಕೈಪಿಡಿಯಲ್ಲೂ ಇಲ್ಲ.

ಅರ್ಧ ದೇಹದ ಪ್ರತಿಬಿಂಬ ನೋಡಲು ಜೊತೆಗೆ ಕೊಟ್ಟ ಕನ್ನಡಿ ವ್ಯರ್ಥ. ಅಚ್ಚಿನ ಮೇಲೆ ನಿಲ್ಲಿಸಿದರೆ ಕನ್ನಡಿಗೂ ಜೀವಿಗೂ ನಡುವೆ ರೆಸಿನ್‌ನ ದಪ್ಪ ಉಳಿಯುತ್ತದೆ, ಮಧ್ಯಗೆರೆಯ ಪಕ್ಕದ ಭಾಗ ಪ್ರತಿಬಿಂಬಕ್ಕೆ ಸಿಗುವುದಿಲ್ಲ. ಬದಲಿಗೆ ನೇರ ಮೇಲಿನಿಂದ ಫೋಟೋ ತೆಗೆದು, ಎಡಬಲ ಮಗುಚಿ, ಮೂಲದ ಮೇಲೆ ಅರೆಪಾರದರ್ಶಕವಾಗಿ ಹೊಂದಿಸಿ. ವ್ಯತ್ಯಾಸ ತಕ್ಷಣ ಕಾಣುತ್ತದೆ. ಓರೆಯಾಗಿ ಹಿಡಿದರೆ ವಕ್ರೀಭವನದಿಂದ ಸಮ್ಮಿತಿಯ ಕಾಲೂ ಗಿಡ್ಡ ಉದ್ದವಾಗಿ ಕಂಡೀತು. ಬಿಸಿಲಿನಲ್ಲಿಟ್ಟರೆ ರೆಸಿನ್ ಹಳದಿಗಟ್ಟುತ್ತದೆ, ಬೀರುವಿನಲ್ಲಿಡಿ.

ಸಂಧಿಪದಿಗಳ (ಜಿರಳೆ, ಏಡಿಯಂಥ ಕೀಲುಗಾಲಿನ ಜೀವಿಗಳ) ಪಾಠಕ್ಕೆ ಕೊಳ್ಳಬಹುದು. ಅರೀಯ ಸಮ್ಮಿತಿಗೆ (ನಕ್ಷತ್ರಮೀನಿನಂತೆ ನಡುವಿನ ಸುತ್ತ ಹರಡಿದ ಹೊಂದಿಕೆಗೆ) ಬೇರೆ ಮಾದರಿ ನೋಡಿಕೊಳ್ಳಿ.